ಆಕಾಶದಿಂದ ಸಿಂಪರಣೆ: 'ಬಸಂತ್' ವಿಮಾನ ಕಲಿಸುವ ಪಾಠ

ಕಂಪ್ಲಿ, ಗಂಗಾವತಿ, ಸಿರುಗುಪ್ಪ ಭಾಗದ ಭತ್ತದ ಬೇಸಾಯಗಾರರ ಮುಂದೆ ಈಗ ಒಂದು ಹೊಸ ಪ್ರಶ್ನೆ ಇದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಕೆಸರಿನಲ್ಲಿ ಇಳಿದು ಎಣ್ಣೆ ಹೊಡೆಯುವ ಆಳುಗಳು ಸಿಗುವುದು ಕಷ್ಟವಾಗಿದೆ. ಸಿಕ್ಕರೂ ರೋಗ, ಕೀಟ ಕಾಣಿಸಿಕೊಂಡ ದಿನವೇ ಸಿಗುವುದಿಲ್ಲ. ಇತ್ತ ಬದುವಿನ ಮೇಲೆ ನಿಂತು ಹಾರಿಸುವ ಡ್ರೋನ್ ಯಂತ್ರ ಬಾಡಿಗೆಗೆ ದೊರೆಯತೊಡಗಿದೆ. ಹತ್ತು ನಿಮಿಷಕ್ಕೆ ಒಂದು ಎಕರೆ ಮುಗಿಯುತ್ತದೆ ಎಂದು ಯಂತ್ರದವರು ಹೇಳುತ್ತಾರೆ. ಅದನ್ನು ಕರೆಸಬೇಕೆ, ಬೇಡವೆ? ಕರೆಸಿದರೆ ಯಾವ ಪೀಡೆಗೆ, ಯಾವ ಹೊತ್ತಿನಲ್ಲಿ, ಯಾವ ಎಚ್ಚರಿಕೆಯಿಂದ?

ಆಕಾಶದಿಂದ ಔಷಧಿ ಹೊಡೆಯುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಈ ಕೆಲಸಕ್ಕೆಂದೇ ಒಂದು ವಿಮಾನವನ್ನು ಸುಮಾರು ಅರ್ಧ ಶತಮಾನದ ಹಿಂದೆ ಬೆಂಗಳೂರಿನಲ್ಲೇ ತಯಾರಿಸಲಾಗಿತ್ತು. ಅದರ ಹೆಸರು 'ಬಸಂತ್'. ಆ ವಿಮಾನ ಹೇಗಿತ್ತು, ಅದು ಎಲ್ಲಿ ಹೊಂದುತ್ತಿತ್ತು, ನಮ್ಮಂಥ ಸಣ್ಣ ಮಡಿಗಳ ಬೇಸಾಯಕ್ಕೆ ಏಕೆ ಹೊಂದುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಡ್ರೋನಿನ ಬಗ್ಗೆ ಸರಿಯಾದ ನಿರ್ಧಾರ ತೆಗೆದುಕೊಳ್ಳುವುದು ಸುಲಭವಾಗುತ್ತದೆ.

ಬೆಂಗಳೂರಿನ ಮೂರು ವಿಮಾನಗಳು

1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದೇ ಮುಂದೆ 1964ರಲ್ಲಿ ಹಿಂದೂಸ್ತಾನ್ ಏರೊನಾಟಿಕ್ಸ್ ಲಿಮಿಟೆಡ್, ಅಂದರೆ ಎಚ್.ಎ.ಎಲ್. ಆಯಿತು. ಅಲ್ಲಿ ಡಾ. ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ದೇಶೀ ವಿನ್ಯಾಸದ ಚಿಕ್ಕ ವಿಮಾನಗಳು ಒಂದೊಂದಾಗಿ ರೂಪುಗೊಂಡವು. ಒಂದೇ ಎಂಜಿನ್, ಮಡಚದ ಗಟ್ಟಿ ಚಕ್ರಗಳು, ಹುಲ್ಲು ನೆಲದಿಂದಲೂ ಏರಿ ಇಳಿಯಬಲ್ಲ ಸರಳ ರಚನೆ ಇವುಗಳ ಸಾಮಾನ್ಯ ಗುಣಗಳು.

ಮೊದಲನೆಯದು 'ಪುಷ್ಪಕ್'. 1958ರ ಸೆಪ್ಟೆಂಬರ್ 28ರಂದು ಅದು ಮೊದಲ ಬಾರಿ ಹಾರಿತು. ಇಬ್ಬರು ಕೂರುವ, 90 ಅಶ್ವಶಕ್ತಿಯ ಎಂಜಿನ್ ಇದ್ದ, ರೆಕ್ಕೆ ತಲೆಯ ಮೇಲೆ ಇರುವ ವಿಮಾನ. ನೂರೈವತ್ತರಷ್ಟು ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳನ್ನು ಸೇರಿದವು. ಅನೇಕ ಚಾಲಕರು ಹಾರಾಟದ ಮೊದಲ ಪಾಠ ಕಲಿತದ್ದು ಇದರಲ್ಲಿಯೇ.

ಎರಡನೆಯದು 'ಕೃಷಕ್'. ಪುಷ್ಪಕ್ ವಿಮಾನವನ್ನೇ ದೊಡ್ಡದು ಮಾಡಿ, 225 ಅಶ್ವಶಕ್ತಿಯ ಎಂಜಿನ್ ಜೋಡಿಸಿ ಇದನ್ನು ಸಿದ್ಧಪಡಿಸಿದರು. ಮೊದಲ ನಮೂನೆ 1959ರ ನವೆಂಬರಿನಲ್ಲಿ ಹಾರಿತು. ಕೃಷಕ್ ಎಂದರೆ ರೈತ. ಆದರೆ ಹೆಸರು ರೈತನದಾದರೂ ಅದು ದುಡಿದದ್ದು ಸೇನೆಯಲ್ಲಿ. ಫಿರಂಗಿ ಪಡೆಗೆ ಮೇಲಿನಿಂದ ಗುರಿ ನೋಡಿ ತಿಳಿಸುವ ವೀಕ್ಷಣಾ ವಿಮಾನವಾಗಿ ಅದನ್ನು ಬಳಸಲಾಯಿತು. 1970ರ ದಶಕದಲ್ಲಿ ಅದರ ಸ್ಥಾನಕ್ಕೆ ಹೆಲಿಕಾಪ್ಟರುಗಳು ಬಂದವು.

ನಿಜವಾಗಿ ಹೊಲಕ್ಕೆಂದೇ ಹುಟ್ಟಿದ್ದು ಮೂರನೆಯದಾದ 'ಬಸಂತ್'. ಇದರ ವಿನ್ಯಾಸ 1968ರಲ್ಲಿ ಆರಂಭವಾಯಿತು. ಮೊದಲ ನಮೂನೆಯನ್ನು ಪೂರ್ತಿಯಾಗಿ ಬದಲಾಯಿಸಿ, 400 ಅಶ್ವಶಕ್ತಿಯ ಎಂಟು ಸಿಲಿಂಡರಿನ ಎಂಜಿನ್ ಇಟ್ಟು ಕಟ್ಟಿದ ಎರಡನೆಯ ನಮೂನೆ 1972ರ ಮಾರ್ಚ್ 30ರಂದು ಹಾರಿತು. 1974ರಲ್ಲಿ ಹಾರಾಟಯೋಗ್ಯ ಎಂಬ ಪ್ರಮಾಣಪತ್ರ ದೊರೆತ ಮೇಲೆ ಮೊದಲ ತಂಡದ ಎಂಟು ವಿಮಾನಗಳನ್ನು ಕೇಂದ್ರ ಕೃಷಿ ಮಂತ್ರಾಲಯಕ್ಕೆ ಒಪ್ಪಿಸಲಾಯಿತು. 1980ರಲ್ಲಿ ತಯಾರಿಕೆ ನಿಂತಿತು. ಒಟ್ಟು ತಯಾರಾದ ಬಸಂತ್‌ಗಳು 39 ಮಾತ್ರ.

ಹೊಲದ ವಿಮಾನದ ಮೈಕಟ್ಟು

ವಿಮಾನದಿಂದ ಕೀಟನಾಶಕ ಹಾಕುವ ಪ್ರಯೋಗ ಮೊದಲು ನಡೆದದ್ದು 1921ರ ಆಗಸ್ಟ್ 3ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಬಳಿ. ಹುಳು ಬಿದ್ದ ಮರಗಳ ತೋಪಿನ ಮೇಲೆ ಸೈನ್ಯದ ಹಳೆಯ ವಿಮಾನವೊಂದರಿಂದ ಸೀಸದ ಆರ್ಸೆನೇಟ್ ಪುಡಿಯನ್ನು ಉದುರಿಸಲಾಯಿತು. ಅನಂತರ ಎಷ್ಟೋ ವರ್ಷ ಯುದ್ಧಕ್ಕೆ ಅಥವಾ ತರಬೇತಿಗೆ ತಯಾರಾದ ವಿಮಾನಗಳನ್ನೇ ಹೊಲಕ್ಕೆ ಬಳಸುತ್ತಿದ್ದರು. ಅಪಘಾತಗಳಲ್ಲಿ ಚಾಲಕರು ಸಾಯುತ್ತಿದ್ದರು. 1950ರಲ್ಲಿ ಅಮೆರಿಕದ ಟೆಕ್ಸಾಸಿನ ಕೃಷಿ ಕಾಲೇಜಿನಲ್ಲಿ ಫ್ರೆಡ್ ವೈಕ್ ಎಂಬ ಎಂಜಿನಿಯರ್ ಬೇಸಾಯದ ಕೆಲಸಕ್ಕೆಂದೇ ಬೇರೆ ರೀತಿಯ ವಿಮಾನವನ್ನು ರೂಪಿಸಿದರು. ಆ ಮಾದರಿಯನ್ನೇ ಪ್ರಪಂಚದ ಹೆಚ್ಚಿನ ಕೃಷಿ ವಿಮಾನಗಳು ಅನುಸರಿಸಿದವು. ಬಸಂತ್ ಕೂಡ ಅದೇ ಜಾತಿಗೆ ಸೇರಿದ್ದು.

ಇಂಥ ವಿಮಾನದಲ್ಲಿ ಒಬ್ಬನೇ ಕೂರುತ್ತಾನೆ. ಅವನ ಆಸನ ಎತ್ತರದಲ್ಲಿರುತ್ತದೆ. ಬೆಳೆಯ ತುದಿ, ಮುಂದಿನ ಮರ, ವಿದ್ಯುತ್ ತಂತಿ ಕಾಣಲೆಂದು ಈ ಏರ್ಪಾಡು. ಎಂಜಿನ್ ಮತ್ತು ಆಸನದ ನಡುವೆ ಔಷಧಿಯ ತೊಟ್ಟಿ. ನೆಲಕ್ಕೆ ಅಪ್ಪಳಿಸಿದರೆ ಮೂಗಿನ ಭಾಗ ಮೊದಲು ಮುರಿದು ಪೆಟ್ಟನ್ನು ಹೀರುತ್ತದೆ, ತೊಟ್ಟಿ ಹಿಂದಿನಿಂದ ಬಂದು ಚಾಲಕನನ್ನು ಜಜ್ಜುವುದಿಲ್ಲ. ರೆಕ್ಕೆಯ ಕೆಳಗೆ ಉದ್ದಕ್ಕೂ ಕೊಳವೆ, ಅದರಲ್ಲಿ ಸಾಲಾಗಿ ನಾಜಲ್‌ಗಳು. ಬಸಂತ್ ವಿಮಾನದ ರೆಕ್ಕೆಯ ಹರವು 12 ಮೀಟರು, ಉದ್ದ 9 ಮೀಟರು. ಖಾಲಿ ವಿಮಾನದ ತೂಕ ಸುಮಾರು 1,200 ಕಿಲೋ. ಏರುವಾಗ ಗರಿಷ್ಠ ತೂಕ 2,270 ಕಿಲೋ. ನಡುವಿನ ಒಂದು ಟನ್ನಿನಲ್ಲಿ ಚಾಲಕ, ಇಂಧನ ಮತ್ತು ಔಷಧಿ ಎಲ್ಲವೂ ಸೇರಬೇಕು.

ಎರಡು ಎಕರೆಯ ಲೆಕ್ಕ

ಇಷ್ಟು ಬಲಿಷ್ಠ ಯಂತ್ರ ಭತ್ತದ ಗದ್ದೆಯ ಮೇಲೆ ಹೇಗೆ ಕೆಲಸ ಮಾಡೀತು ಎಂಬುದನ್ನು ಒಂದು ಸರಳ ಲೆಕ್ಕದಿಂದ ನೋಡೋಣ.

ವಿಮಾನ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಹಾರುತ್ತ, ಒಂದು ಸಲಕ್ಕೆ 15 ಮೀಟರ್ ಅಗಲದ ಪಟ್ಟೆಗೆ ಔಷಧಿ ಹೊಡೆಯುತ್ತದೆ ಎಂದಿಟ್ಟುಕೊಳ್ಳಿ. ಎರಡು ಕಿಲೋಮೀಟರ್ ಉದ್ದದ, ಒಂದೇ ಬೆಳೆಯಿರುವ ಪ್ರದೇಶವಾದರೆ ಒಂದು ಸಾಲಿಗೆ 45 ಸೆಕೆಂಡು ಸಾಕು, ಆ 45 ಸೆಕೆಂಡಿನಲ್ಲಿ ಏಳು ಎಕರೆಗೂ ಹೆಚ್ಚು ಮುಗಿಯುತ್ತದೆ. ಮೈಲಿಗಟ್ಟಲೆ ಒಂದೇ ಬೆಳೆ ಇರುವ ದೇಶಗಳಲ್ಲಿ ಈ ವಿಮಾನಗಳು ಏಕೆ ನೆಲೆನಿಂತವು ಎಂಬುದಕ್ಕೆ ಇದೇ ಕಾರಣ.

ಈಗ ಕಂಪ್ಲಿ ಹತ್ತಿರದ ಎರಡು ಎಕರೆಯ ತಾಕನ್ನು ತೆಗೆದುಕೊಳ್ಳಿ. ಅದು ಚೌಕವಾಗಿದ್ದರೆ ಒಂದು ಪಕ್ಕ ಸುಮಾರು 90 ಮೀಟರು. ಆ ವೇಗದಲ್ಲಿ ವಿಮಾನ ಒಂದು ಸೆಕೆಂಡಿಗೆ 44 ಮೀಟರು ಹೋಗುವುದರಿಂದ, ಬದುವಿನಿಂದ ಬದುವಿಗೆ ಎರಡೇ ಸೆಕೆಂಡು. ಆರು ಸಾಲು ಹೊಡೆದರೆ ಕೆಲಸ ಮುಗಿಯಿತು, ಅಂದರೆ ಹನ್ನೆರಡು ಸೆಕೆಂಡು. ಆದರೆ ಸಾಲಿನಿಂದ ಸಾಲಿಗೆ ತಿರುಗಲು ಪ್ರತಿ ಸಲ ಅರ್ಧ ನಿಮಿಷ ಬೇಕೆಂದರೂ ಹನ್ನೆರಡು ಸೆಕೆಂಡಿನ ಕೆಲಸಕ್ಕೆ ಎರಡೂವರೆ ನಿಮಿಷ ಬರಿದೆ ತಿರುಗಾಟ. ಚಾಲಕನ ಕೈ ಅರ್ಧ ಸೆಕೆಂಡು ತಡವಾದರೆ 22 ಮೀಟರು ದೂರದವರೆಗೆ ಔಷಧಿ ನೆರೆಯವನ ಹೊಲಕ್ಕೆ ಹೋಯಿತು.

ನೆರೆಯ ಹೊಲದಲ್ಲಿ ಇರುವುದೇನು? ಕಂಪ್ಲಿ ಭಾಗದಲ್ಲಿ ಒಂದೇ ಕಾಲುವೆಯ ಕೆಳಗೆ ಭತ್ತದ ಪಕ್ಕದಲ್ಲಿ ಕಬ್ಬು, ಕಬ್ಬಿನ ಪಕ್ಕದಲ್ಲಿ ಬಾಳೆ, ಅದರಾಚೆ ತರಕಾರಿ, ನಡುವೆ ತೆಂಗಿನ ಮರ, ಪಂಪ್‌ಸೆಟ್ಟಿನ ತಂತಿ, ಮನೆ, ದನದ ಕೊಟ್ಟಿಗೆ. ಒಬ್ಬ ಈ ವಾರ ನಾಟಿ ಮಾಡಿದರೆ ಇನ್ನೊಬ್ಬ ಮೂರು ವಾರ ಬಿಟ್ಟು ಮಾಡುತ್ತಾನೆ. ಇಂಥ ಕಡೆ ದೊಡ್ಡ ವಿಮಾನಕ್ಕೆ ಎಡೆಯೇ ಇಲ್ಲ. ಜೊತೆಗೆ ವಿಮಾನ ಇಳಿಯಲು ಹತ್ತಿರದಲ್ಲೇ ಪಟ್ಟಿ ಬೇಕು, ವಿಮಾನ ಇಂಧನ ಬೇಕು, ಪರಿಣತ ಚಾಲಕ ಬೇಕು. ವರ್ಷದಲ್ಲಿ ಕೆಲವೇ ವಾರ ಕೆಲಸ, ಉಳಿದ ದಿನ ಬಿಡುವು. ಖರ್ಚನ್ನು ಭರಿಸುವವರು ಯಾರು?

ಯಂತ್ರ ಕೆಟ್ಟದ್ದಲ್ಲ. ಅದನ್ನು ಯಾವ ಅಳತೆಯ ಹೊಲಕ್ಕೆ ಎಣಿಸಿ ಮಾಡಿದ್ದರೋ ಆ ಹೊಲ ನಮ್ಮದಲ್ಲ. ಯಾವುದೇ ಉಪಕರಣವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಇದು ನನ್ನ ಹೊಲದ ಅಳತೆಗೆ ಹೊಂದುತ್ತದೆಯೆ?

ಕಾಸರಗೋಡು ಕೊಟ್ಟ ಎಚ್ಚರಿಕೆ

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದುದು: ಹೊಡೆದ ಔಷಧಿ ನನ್ನ ಬೆಳೆಯ ಮೇಲೆಯೇ ಬೀಳುತ್ತದೆಯೆ?

ಕಾಸರಗೋಡು ಜಿಲ್ಲೆಯ ಕನ್ನಡ, ತುಳು ಮಾತನಾಡುವ ಹಳ್ಳಿಗಳು ಈ ಪ್ರಶ್ನೆಗೆ ಬಹು ದೊಡ್ಡ ಬೆಲೆ ತೆತ್ತಿವೆ. ಅಲ್ಲಿ ಸರಕಾರಿ ಒಡೆತನದ ನಿಗಮದ ಗೇರು ತೋಟಗಳಿಗೆ ಚಹಾ ಸೊಳ್ಳೆಯ ಹತೋಟಿಗಾಗಿ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳು ಗುಡ್ಡದ ಮೇಲೆ. ಮನೆ, ತೋಡು, ಬಾವಿ, ಕುಡಿಯುವ ನೀರಿನ ಸುರಂಗ ಕಣಿವೆಯಲ್ಲಿ. ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗ ಮುಂತಾದ ಕಡೆ ಮಕ್ಕಳಲ್ಲಿ ಅಂಗವಿಕಲತೆ, ಬುದ್ಧಿಮಾಂದ್ಯ, ನರಸಂಬಂಧಿ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಊರಿನ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಹೊರಜಗತ್ತಿಗೆ ತಿಳಿಸಿದರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯಿಂದಲೂ ಇಂಥದೇ ದೂರುಗಳು ಬಂದವು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು.

ಆಗಲೂ ಕಾನೂನು ಇರಲಿಲ್ಲವೆಂದಲ್ಲ. 1971ರ ಕೀಟನಾಶಕ ನಿಯಮಗಳ ಪ್ರಕಾರ, ಆಕಾಶದಿಂದ ಸಿಂಪಡಿಸುವ ಪ್ರದೇಶವನ್ನು ಗುರುತು ಮಾಡಬೇಕು. ಕಡಿಮೆಪಕ್ಷ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು. ಜನ, ದನಕರುಗಳನ್ನು ದೂರವಿಡಬೇಕು. ನಿಯಮ ಪುಸ್ತಕದಲ್ಲಿ ಇದ್ದರೆ ಸಾಲದು, ಅದನ್ನು ಹೊಲದಲ್ಲಿ ಪಾಲಿಸಬೇಕು ಎಂಬುದು ಕಾಸರಗೋಡಿನ ಪಾಠ.

ಡ್ರೋನ್ ಎಲ್ಲಿ ಮೇಲು?

ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಡ್ರೋನನ್ನು ಪರೀಕ್ಷಿಸೋಣ.

ಹೊಲದ ಅಳತೆಯ ಮಟ್ಟಿಗೆ ಡ್ರೋನ್ ನಮಗೆ ಹೊಂದುತ್ತದೆ. ಸಾಮಾನ್ಯವಾಗಿ ಬಳಸುವ ಯಂತ್ರದ ತೊಟ್ಟಿ ಸುಮಾರು 10 ಲೀಟರಿನದು. ಔಷಧಿಯೂ ಸೇರಿ ಅದರ ತೂಕ 25 ಕಿಲೋ ಒಳಗೆ ಇರುತ್ತದೆ. ಅದು ಬೆಳೆಯ ತುದಿಯಿಂದ ಎರಡು ಮೀಟರಿನ ಆಸುಪಾಸಿನಲ್ಲಿ, ಸೆಕೆಂಡಿಗೆ ನಾಲ್ಕೈದು ಮೀಟರ್ ವೇಗದಲ್ಲಿ ಹಾರುತ್ತದೆ. ಅರ್ಧ ಸೆಕೆಂಡಿನ ತಪ್ಪಿಗೆ ವಿಮಾನದಲ್ಲಿ 22 ಮೀಟರು ಹಾಳಾದರೆ ಇಲ್ಲಿ ಎರಡು ಎರಡೂವರೆ ಮೀಟರು. ಮೂಲೆಯಲ್ಲಿ ನಿಂತು ತಿರುಗಬಲ್ಲದು. ಇಳಿಯಲು ಬದುವಿನ ಮೇಲೆ ಒಂದು ಚಾಪೆಯಷ್ಟು ಜಾಗ ಸಾಕು. ಕೆಸರು ತುಳಿಯಬೇಕಿಲ್ಲ, ಪೈರು ಮುರಿಯುವುದಿಲ್ಲ. ಪಂಪು ಹೊತ್ತವನ ಮೈಮೇಲೆ, ಉಸಿರಿನಲ್ಲಿ ವಿಷ ಸೇರುವುದೂ ತಪ್ಪುತ್ತದೆ. ಇದು ಸಣ್ಣ ಲಾಭವಲ್ಲ.

ಆದರೆ ಬ್ಯಾಟರಿ ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಮಾತ್ರ ಬರುತ್ತದೆ. ದಿನವಿಡೀ ಕೆಲಸ ನಡೆಯಬೇಕಾದರೆ ಹಲವು ಜೊತೆ ಬ್ಯಾಟರಿ, ಅವನ್ನು ಚಾರ್ಜ್ ಮಾಡುವ ವ್ಯವಸ್ಥೆ ಬೇಕು. ಬಾಡಿಗೆಗೆ ಒಪ್ಪುವ ಮುನ್ನ ಇದನ್ನು ವಿಚಾರಿಸಿ.

ಗಾಳಿ ಮತ್ತು ಹನಿ

ಔಷಧಿ ನಮ್ಮ ಬೆಳೆಯ ಮೇಲೆಯೇ ಬೀಳುತ್ತದೆಯೆ ಎಂಬ ಪ್ರಶ್ನೆಗೆ ಡ್ರೋನ್ ತಾನಾಗಿ ಉತ್ತರ ಕೊಡಲಾರದು. ಆ ಉತ್ತರ ಹನಿಯ ಗಾತ್ರದಲ್ಲಿ ಮತ್ತು ಗಾಳಿಯಲ್ಲಿ ಇದೆ.

ಹನಿಯ ಗಾತ್ರವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. 300 ಮೈಕ್ರಾನಿನ ಹನಿ ಒಂದು ಸೆಕೆಂಡಿಗೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. 100 ಮೈಕ್ರಾನಿನ ಹನಿ ಸೆಕೆಂಡಿಗೆ ಕಾಲು ಮೀಟರಿನಷ್ಟು ಮಾತ್ರ ಇಳಿಯುತ್ತದೆ. ಎರಡು ಮೀಟರ್ ಎತ್ತರದಿಂದ ಬಿಟ್ಟರೆ ದಪ್ಪ ಹನಿ ಎರಡು ಸೆಕೆಂಡಿನೊಳಗೆ ಎಲೆಯ ಮೇಲಿರುತ್ತದೆ. ಸಣ್ಣ ಹನಿಗೆ ಏಳೆಂಟು ಸೆಕೆಂಡು ಬೇಕು. ಗಾಳಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿದ್ದರೆ ಆ ಏಳೆಂಟು ಸೆಕೆಂಡಿನಲ್ಲಿ ಹನಿ 20 ಮೀಟರಿಗೂ ಆಚೆ ಹೋಗಿರುತ್ತದೆ. ಡ್ರೋನಿನ ರೆಕ್ಕೆಗಳು ಕೆಳಕ್ಕೆ ನೂಕುವ ಗಾಳಿ ಹನಿಯನ್ನು ಸ್ವಲ್ಪ ಬೇಗ ಇಳಿಸುತ್ತದೆ ನಿಜ. ಎತ್ತರಕ್ಕೆ ಹಾರಿಸಿದರೆ, ವೇಗ ಹೆಚ್ಚಿಸಿದರೆ ಆ ಅನುಕೂಲ ಇಲ್ಲವಾಗುತ್ತದೆ. ಬಳ್ಳಾರಿ ಸೀಮೆಯ ಬಿಸಿಲಿಗೆ ಸಣ್ಣ ಹನಿ ದಾರಿಯಲ್ಲೇ ಆರಿ ಇನ್ನೂ ಸಣ್ಣದಾಗುತ್ತದೆ ಎಂಬುದನ್ನೂ ಮರೆಯಬಾರದು.

ಆದ್ದರಿಂದ ಬೆಳಗಿನ ತಂಪು ಹೊತ್ತು ಅಥವಾ ಬಿಸಿಲು ಇಳಿದ ಮೇಲಿನ ಹೊತ್ತು ಒಳ್ಳೆಯದು. ಗದ್ದೆಯ ಮೂಲೆಯಲ್ಲಿ ಕೋಲಿಗೆ ಒಂದು ತೆಳು ಬಟ್ಟೆಯ ಪಟ್ಟಿ ಕಟ್ಟಿ ನೋಡಿ. ಪಟ್ಟಿ ನೇರವಾಗಿ ಅಡ್ಡ ಹಾರುತ್ತಿದ್ದರೆ ಆ ದಿನ ಕೆಲಸ ಬೇಡ. ಗಾಳಿ ನೆರೆಯ ಬಾಳೆ, ತರಕಾರಿ, ಮನೆ ಅಥವಾ ಕಾಲುವೆಯ ಕಡೆಗೆ ಬೀಸುತ್ತಿದ್ದರೆ ಆ ಪಕ್ಕದ ಕೆಲವು ಸಾಲುಗಳನ್ನು ಬಿಟ್ಟು, ಅಲ್ಲಿ ಕೈಪಂಪಿನಿಂದಲೇ ಹೊಡೆಯಿರಿ. ಕಳೆನಾಶಕದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಭತ್ತದ ಕಳೆಗೆ ಬಳಸುವ 2,4-ಡಿ ಗಾಳಿಯಲ್ಲಿ ತೇಲಿ ಹೋದರೆ ಹತ್ತಿ, ಟೊಮ್ಯಾಟೊ, ಮೆಣಸಿನಕಾಯಿಯಂಥ ಅಗಲ ಎಲೆಯ ಬೆಳೆಗಳು ಮುರುಟಿಕೊಳ್ಳುತ್ತವೆ. ಒಬ್ಬನ ಕಳೆ ಸತ್ತು ಇನ್ನೊಬ್ಬನ ಬೆಳೆ ಹೋದರೆ ಊರಿನಲ್ಲಿ ವ್ಯಾಜ್ಯ ಹುಟ್ಟುತ್ತದೆ.

ಕಂದು ಜಿಗಿಹುಳುವಿಗೆ ಡ್ರೋನ್ ಸಾಕೆ?

ತುಂಗಭದ್ರಾ ಅಚ್ಚುಕಟ್ಟಿನ ಭತ್ತಕ್ಕೆ ದೊಡ್ಡ ಭಯ ಕಂದು ಜಿಗಿಹುಳುವಿನದು. ನೀರು ಯಥೇಚ್ಛವಾಗಿ ನಿಂತು, ಯೂರಿಯಾ ಅತಿಯಾಗಿ ಬಿದ್ದು, ಪೈರು ದಟ್ಟವಾಗಿದ್ದ ಕಡೆ ಅದು ಬುಡದಲ್ಲಿ ಕುಳಿತು ರಸ ಹೀರುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಕಂಡಾಗ ಗದ್ದೆಯ ನಡುವೆ ಸುಟ್ಟಂತೆ ವೃತ್ತಗಳು ಎದ್ದಿರುತ್ತವೆ.

ಇಲ್ಲಿಯೇ ಆಕಾಶದ ಸಿಂಪರಣೆಯ ಮಿತಿ ಇದೆ. ಎಲೆ ಸುತ್ತುವ ಹುಳು, ಎಲೆಯ ಮೇಲಿನ ಬೆಂಕಿ ರೋಗದಂಥವು ಪೈರಿನ ಮೇಲ್ಭಾಗದಲ್ಲಿ ಇರುವುದರಿಂದ ಮೇಲಿನಿಂದ ಬಿದ್ದ ಹನಿ ಅವನ್ನು ತಲುಪುತ್ತದೆ. ಜಿಗಿಹುಳು ಇರುವುದು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಬುಡದಲ್ಲಿ. ಒತ್ತಾಗಿ ಬೆಳೆದ ಪೈರಿನಲ್ಲಿ ಹತ್ತು ಲೀಟರ್ ನೀರಿನ ಹನಿಗಳು ಎಲೆಯ ಮೇಲೇ ಉಳಿದುಬಿಡಬಹುದು. ಬುಡಕ್ಕೆ ಔಷಧಿ ಮುಟ್ಟದೆ ಹೋದರೆ ಹಣವೂ ಹೋಯಿತು, ಹುಳುವೂ ಉಳಿಯಿತು. ಇಂಥ ಸಂದರ್ಭದಲ್ಲಿ ನಾಜಲನ್ನು ಬುಡದ ಕಡೆಗೆ ತಿರುಗಿಸಿ ಕೈಯಿಂದ ಹೊಡೆಯುವುದೇ ಇಂದಿಗೂ ಭರವಸೆಯ ಕ್ರಮ.

ಔಷಧಿಗಿಂತ ಮೊದಲು ಮಾಡಬೇಕಾದ ಕೆಲಸಗಳಿವೆ. ನಾಟಿ ಮಾಡುವಾಗ ಪ್ರತಿ ಎರಡು ಮೂರು ಮೀಟರಿಗೆ ಒಂದು ಅಡಿ ಅಗಲದ ಓಣಿ ಬಿಡಬೇಕು. ಇದರಿಂದ ಬುಡಕ್ಕೆ ಗಾಳಿ ಬೆಳಕು ಆಡುತ್ತದೆ, ಸಿಂಪರಣೆಗೂ ದಾರಿಯಾಗುತ್ತದೆ. ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತಿನಲ್ಲಿ, ಶಿಫಾರಸಿನಷ್ಟೇ ಕೊಡಬೇಕು. ವಾರಕ್ಕೆ ಎರಡು ಸಲ ಬುಡ ಬಿಡಿಸಿ ಎಣಿಸಬೇಕು. ಪ್ರತಿ ಬುಡಕ್ಕೆ ಹತ್ತರ ಆಸುಪಾಸಿನಲ್ಲಿ ಹುಳು ಕಂಡರೆ ಮೊದಲು ನೀರು ಬಸಿದು ಗದ್ದೆಯನ್ನು ಆರಗೊಡಬೇಕು. ಜೇಡ, ಮಿರಿಡ್ ತಿಗಣೆಗಳು ಹೇರಳವಾಗಿದ್ದರೆ ಇನ್ನೆರಡು ದಿನ ಕಾದು ನೋಡಬಹುದು, ಅವು ಜಿಗಿಹುಳುವನ್ನು ತಿನ್ನುತ್ತವೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯ ಔಷಧಿಗಳನ್ನು ಭತ್ತಕ್ಕೆ ಹೊಡೆದರೆ ಈ ಮಿತ್ರಕೀಟಗಳು ಸತ್ತು ಜಿಗಿಹುಳು ಮತ್ತಷ್ಟು ಹೆಚ್ಚುತ್ತದೆ. ಸುಲಭವಾಗಿ ಹೊಡೆಯಲು ಯಂತ್ರ ಸಿಕ್ಕಿತೆಂದು ಬೇಕಿಲ್ಲದಿದ್ದರೂ ಹೊಡೆಯುವ ಅಭ್ಯಾಸ ಬೆಳೆದರೆ ಅದೇ ಪೀಡೆಯನ್ನು ಸಾಕಿದಂತೆ.

ಪರಾವಲಂಬಿ ಮತ್ತು ಪರಭಕ್ಷಕ ಕೀಟಗಳ ಶಕ್ತಿಯನ್ನು ನಮ್ಮ ಕಬ್ಬು ಬೆಳೆಗಾರರು ಕಣ್ಣಾರೆ ಕಂಡಿದ್ದಾರೆ. 2002ರಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಕಬ್ಬಿಗೆ ಬಿಳಿ ಉಣ್ಣೆ ಹೇನು ಮುತ್ತಿದಾಗ ಆಳೆತ್ತರದ ಬೆಳೆಯೊಳಗೆ ನುಗ್ಗಿ ಔಷಧಿ ಹೊಡೆಯುವುದು ಅಸಾಧ್ಯವಾಗಿತ್ತು. ಅದನ್ನು ಹತೋಟಿಗೆ ತರಲು ಹೆಚ್ಚು ನೆರವಾದದ್ದು ಡೈಫಾ ಮತ್ತು ಮೈಕ್ರೋಮಸ್ ಎಂಬ ಎರಡು ಪರಭಕ್ಷಕ ಕೀಟಗಳು.

ನೀರು ಕಡಿಮೆ, ಔಷಧಿ ಅಷ್ಟೇ

ಡ್ರೋನ್ ಬಳಸುವವರು ಹೆಚ್ಚಾಗಿ ತಪ್ಪುವುದು ಪ್ರಮಾಣದಲ್ಲಿ. ಕೈಪಂಪಿನಲ್ಲಿ ಎಕರೆಗೆ ಸುಮಾರು 200 ಲೀಟರ್ ನೀರು ಬೇಕು. ಡ್ರೋನಿನಲ್ಲಿ 10 ಲೀಟರು. ಆದರೆ ಎಕರೆಗೆ ಬೇಕಾದ ಔಷಧಿಯ ಪ್ರಮಾಣ ಬದಲಾಗುವುದಿಲ್ಲ. ಉದಾಹರಣೆಗೆ, ಜಿಗಿಹುಳುವಿಗೆ ಬಳಸುವ ಪೈಮೆಟ್ರೋಜಿನ್ ಶೇ. 50ರ ಹರಳು ಪುಡಿಯ ಪ್ರಮಾಣ ಎಕರೆಗೆ 120 ಗ್ರಾಂ. 200 ಲೀಟರಿನಲ್ಲಿ ಅದು ಲೀಟರಿಗೆ 0.6 ಗ್ರಾಂ ಆಗುತ್ತದೆ. ಅದನ್ನೇ 10 ಲೀಟರಿನಲ್ಲಿ ಕರಗಿಸಿದರೆ ಲೀಟರಿಗೆ 12 ಗ್ರಾಂ. ಅಂದರೆ ದ್ರಾವಣ ಇಪ್ಪತ್ತು ಪಟ್ಟು ಗಾಢ. 'ಲೀಟರಿಗೆ ಇಷ್ಟು' ಎಂಬ ಹಳೆಯ ಲೆಕ್ಕವನ್ನು ಡ್ರೋನಿಗೆ ಹಾಕಿದರೆ ಔಷಧಿ ಸಾಲದೆ ಹುಳು ಸಾಯುವುದಿಲ್ಲ. ಅಂದಾಜಿನಲ್ಲಿ ಸುರಿದರೆ ಎಲೆ ಸುಡುತ್ತದೆ. ಯಾವಾಗಲೂ 'ಎಕರೆಗೆ ಇಷ್ಟು' ಎಂದೇ ಲೆಕ್ಕ ಹಾಕಿ.

ಗಾಢ ದ್ರಾವಣವನ್ನು ಕಲಸುವವನಿಗೆ ಅಪಾಯವೂ ಹೆಚ್ಚು. ಕೈಗವಸು, ಮುಖವಾಡ, ಕನ್ನಡಕ ಇಲ್ಲದೆ ಮುಟ್ಟಬಾರದು. ಎರಡು ಮೂರು ಔಷಧಿಗಳನ್ನು, ಪೋಷಕಾಂಶದ ಪುಡಿಯನ್ನು ಇಷ್ಟು ಕಡಿಮೆ ನೀರಿನಲ್ಲಿ ಒಟ್ಟಿಗೆ ಸೇರಿಸಿದರೆ ಹಾಲು ಒಡೆದಂತೆ ಗಡ್ಡೆ ಕಟ್ಟಿ ನಾಜಲ್ ಮುಚ್ಚಿಹೋಗುತ್ತದೆ. ಒಂದು ಸಲಕ್ಕೆ ಒಂದೇ ಔಷಧಿ ಮೇಲು.

ಕಾನೂನು ಏನು ಹೇಳುತ್ತದೆ?

2021ರ ಡ್ರೋನ್ ನಿಯಮಗಳ ಪ್ರಕಾರ ಈ ಗಾತ್ರದ ಯಂತ್ರಕ್ಕೆ ನೋಂದಣಿ ಸಂಖ್ಯೆ ಇರಬೇಕು, ಹಾರಿಸುವವನಿಗೆ ತರಬೇತಿ ಪಡೆದ ಪೈಲಟ್ ಪ್ರಮಾಣಪತ್ರ ಇರಬೇಕು. ಹದಿನೆಂಟು ತುಂಬಿದ, ಹತ್ತನೆಯ ತರಗತಿ ಪಾಸಾದ ಹಳ್ಳಿಯ ಯುವಕ ಯುವತಿಯರು ಈ ತರಬೇತಿ ಪಡೆಯಬಹುದು. ವಿಮಾನ ನಿಲ್ದಾಣಗಳ ಸುತ್ತ ಹಾರಾಟಕ್ಕೆ ಮಿತಿಗಳಿವೆ. ತೋರಣಗಲ್ಲು ಬಳಿಯ ವಿದ್ಯಾನಗರ ವಿಮಾನ ನಿಲ್ದಾಣದ ಆಸುಪಾಸಿನವರು ವಲಯದ ನಕ್ಷೆ ನೋಡಿಯೇ ಮುಂದುವರಿಯಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಮಂತ್ರಾಲಯ ಡ್ರೋನ್ ಸಿಂಪರಣೆಗೆ ಕಾರ್ಯವಿಧಾನವನ್ನು ಪ್ರಕಟಿಸಿತು. 2022ರ ಏಪ್ರಿಲಿನಲ್ಲಿ 477 ಪೀಡೆನಾಶಕಗಳಿಗೆ ಎರಡು ವರ್ಷದ ಮಧ್ಯಂತರ ಒಪ್ಪಿಗೆ ದೊರೆಯಿತು. ಈ ಪಟ್ಟಿ ಬದಲಾಗುತ್ತಿರುವುದರಿಂದ, ನೀವು ಕೊಳ್ಳುವ ಔಷಧಿಗೆ ಡ್ರೋನ್ ಬಳಕೆಯ ಅನುಮತಿ ಇದೆಯೇ ಎಂದು ಕೇಳಿಯೇ ಕೊಳ್ಳಿ. 2023ರ ನವೆಂಬರಿನಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಗೆ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು. ನಿಮ್ಮ ಊರಿನ ಸಂಘದಲ್ಲಿ ಯಂತ್ರವಿದ್ದರೆ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಕಾಲುವೆ, ಹೊಳೆ, ನೆರೆಹೊರೆ

ರಾಮಸಾಗರ, ಕಂಪ್ಲಿ, ಸಿರುಗುಪ್ಪ ಕಾಲುವೆಗಳು ವಿಜಯನಗರದ ಕಾಲದವು. ಇಂದಿಗೂ ಅವುಗಳಲ್ಲಿ ಹರಿಯುವ ನೀರು ಗದ್ದೆಯಿಂದ ಗದ್ದೆಗೆ ಸಾಗಿ ಕೊನೆಗೆ ಹೊಳೆ ಸೇರುತ್ತದೆ. ಅದೇ ನೀರಿನಲ್ಲಿ ದನ ಕುಡಿಯುತ್ತವೆ, ಜನ ಬಟ್ಟೆ ಒಗೆಯುತ್ತಾರೆ. ತುಂಗಭದ್ರಾ ಅಣೆಕಟ್ಟಿನಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ನೀರುನಾಯಿಯ ಆಹಾರ ಮೀನು. ಕೀಟನಾಶಕಗಳಲ್ಲಿ ಹಲವು ಮೀನಿಗೆ ಕಡು ವಿಷ. ಮೀನುಗಾರರ ಜೀವನವೂ ಅದೇ ನೀರಿನಲ್ಲಿದೆ. ಆದ್ದರಿಂದ ತೊಟ್ಟಿ, ನಾಜಲ್ ತೊಳೆದ ನೀರನ್ನು ಕಾಲುವೆಗೆ ಬಿಡಲೇಬಾರದು.

ಬಸಂತ್ ವಿಮಾನಕ್ಕೆ ಒಂದೇ ಬೆಳೆಯ ದೊಡ್ಡ ಪ್ರದೇಶ ಬೇಕಾಗಿತ್ತು. ಡ್ರೋನಿಗೆ ಅಷ್ಟು ಬೇಕಿಲ್ಲವಾದರೂ ಒಗ್ಗಟ್ಟಿನಿಂದ ಲಾಭವಿದೆ. ಒಂದು ತೂಬಿನ ಕೆಳಗಿನ ರೈತರು ಹತ್ತು ಹದಿನೈದು ದಿನಗಳ ಅಂತರದೊಳಗೆ ನಾಟಿ ಮುಗಿಸಿದರೆ ಪೀಡೆಗೆ ಗದ್ದೆಯಿಂದ ಗದ್ದೆಗೆ ದಾಟುವ ಅವಕಾಶ ಕಡಿಮೆ. ಹೊಡೆಯಬೇಕಾಗಿ ಬಂದರೂ ಒಂದೇ ದಿನ, ಒಟ್ಟಿಗೆ, ಕಡಿಮೆ ಬಾಡಿಗೆಯಲ್ಲಿ ಮುಗಿಸಬಹುದು. ನೆರೆಯವನ ಬೆಳೆಗೆ ಹಾರಿದ ಔಷಧಿಯ ಜಗಳವೂ ಇರುವುದಿಲ್ಲ.

ಡ್ರೋನ್ ಕರೆಸುವ ಮೊದಲು

1. ಗದ್ದೆಗೆ ಇಳಿದು ಪೀಡೆ ಯಾವುದು, ಎಷ್ಟಿದೆ, ಪೈರಿನ ಯಾವ ಭಾಗದಲ್ಲಿದೆ ಎಂದು ಖಚಿತಪಡಿಸಿಕೊಳ್ಳಿ. ಬುಡದ ಪೀಡೆಯಾದರೆ ಕೈಪಂಪನ್ನೇ ಆರಿಸಿ.

2. ಔಷಧಿಯ ಚೀಟಿಯಲ್ಲಿರುವ ಪ್ರಮಾಣವನ್ನು ಎಕರೆ ಲೆಕ್ಕದಲ್ಲಿ ಬರೆದುಕೊಂಡು ನಿಮ್ಮ ಕಣ್ಣೆದುರೇ ಅಳೆಸಿ.

3. ಹಾರಿಸುವವನ ಪ್ರಮಾಣಪತ್ರ, ಯಂತ್ರದ ನೋಂದಣಿ ಕೇಳಿ ನೋಡಿ.

4. ಹಿಂದಿನ ದಿನವೇ ಸುತ್ತಲಿನ ಹೊಲದವರಿಗೆ, ಜೇನು ಸಾಕುವವರಿಗೆ, ಕುರಿಗಾಹಿಗಳಿಗೆ ತಿಳಿಸಿ. ಮಕ್ಕಳು, ದನಕರು ಹತ್ತಿರ ಬರದಂತೆ ನೋಡಿಕೊಳ್ಳಿ.

5. ಮೊದಲು ತೊಟ್ಟಿಗೆ ಬರಿಯ ನೀರು ತುಂಬಿ ಒಂದು ಸಾಲು ಹಾರಿಸಿ. ಬದುವಿನ ಮೇಲೆ ಹಾಸಿದ ಕಾಗದದ ಮೇಲೆ ಹನಿ ಎಲ್ಲಿಯವರೆಗೆ ಬೀಳುತ್ತದೆ ಎಂದು ನೋಡಿ.

6. ವಿದ್ಯುತ್ ತಂತಿ, ಮರಗಳನ್ನು ಮೊದಲೇ ತೋರಿಸಿ.

7. ಮೂರು ನಾಲ್ಕು ದಿನ ಬಿಟ್ಟು ಮತ್ತೆ ಬುಡ ಬಿಡಿಸಿ ಎಣಿಸಿ. ಫಲ ಸಿಕ್ಕಿತೋ ಇಲ್ಲವೋ ಎಂಬುದನ್ನು ತಿಳಿಸುವುದು ಆ ಎಣಿಕೆಯೇ.

ಸಂಶಯವಿದ್ದರೆ ಗಂಗಾವತಿ ಮತ್ತು ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಗಳು, ಹಗರಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ನಿಮ್ಮ ರೈತ ಸಂಪರ್ಕ ಕೇಂದ್ರವನ್ನು ಕಾಣಿರಿ. ಹುಳು ಬಿದ್ದ ಒಂದೆರಡು ಬುಡಗಳನ್ನು ಕಿತ್ತು ಜೊತೆಗೆ ಒಯ್ದರೆ ಸಲಹೆ ಕೊಡುವವರಿಗೆ ಅನುಕೂಲ. ಯಂತ್ರ ದೊಡ್ಡದಿರಲಿ ಸಣ್ಣದಿರಲಿ, ಅದು ಔಷಧಿಯನ್ನು ಹೊತ್ತೊಯ್ಯುವ ಗಾಡಿ ಮಾತ್ರ. ಎಲ್ಲಿಗೆ, ಎಷ್ಟು, ಯಾವಾಗ ಎಂಬುದನ್ನು ಬೇಸಾಯಗಾರನೇ ಗದ್ದೆಯಲ್ಲಿ ನಿಂತು ತೀರ್ಮಾನಿಸಬೇಕು.